ಮೀಟಿಂಗಿನ ಇಂಗ್ಲಿಷ್: ಯಾರು, ಏನು, ಯಾವಾಗ

ಹೈಸ್ಕೂಲಿನ ವ್ಯಾಕರಣ ಪುಸ್ತಕದಲ್ಲಿರಲಿ, ಎಸ್‌ಎಸ್‌ಸಿ ಅಥವಾ ಬ್ಯಾಂಕ್ ಪರೀಕ್ಷೆಯ ಗೈಡಿನಲ್ಲಿರಲಿ, ಇಂಗ್ಲಿಷ್ ನುಡಿಗಟ್ಟುಗಳ ಪಟ್ಟಿ ಹೆಚ್ಚುಕಡಿಮೆ ಒಂದೇ. ರೈನಿಂಗ್ ಕ್ಯಾಟ್ಸ್ ಅಂಡ್ ಡಾಗ್ಸ್, ಕಿಕ್ ದ ಬಕೆಟ್, ಬೆಡ್ ಆಫ್ ರೋಸಸ್, ಒನ್ಸ್ ಇನ್ ಎ ಬ್ಲೂ ಮೂನ್. ಎಡಗಡೆ ಇಂಗ್ಲಿಷು, ಬಲಗಡೆ ಅರ್ಥ, ಪರೀಕ್ಷೆಯಲ್ಲಿ ನಾಲ್ಕು ಆಯ್ಕೆ. ಇದನ್ನೆಲ್ಲ ಅರೆದು ಕುಡಿದವರು ಕೆಲಸಕ್ಕೆ ಸೇರಿ ಮೊದಲ ಕ್ಲೈಂಟ್ ಕಾಲ್‌ಗೆ ಕೂತಾಗ ಕೇಳಿಬರುವುದು ಬೇರೆಯೇ: ಟಚ್ ಬೇಸ್, ಸರ್ಕಲ್ ಬ್ಯಾಕ್, ಬ್ಯಾಂಡ್‌ವಿಡ್ತ್, ಪುಷ್ ಬ್ಯಾಕ್, ಟೇಕ್ ಇಟ್ ಆಫ್‌ಲೈನ್. ಬಿಡಿಬಿಡಿಯಾಗಿ ನೋಡಿದರೆ ಒಂದೊಂದು ಪದವೂ ಗೊತ್ತಿರುವುದೇ. ಕೂಡಿಸಿ ಆಡಿದಾಗ ಎದುರಿನವರು ಏನು ಮಾಡಿ ಅನ್ನುತ್ತಿದ್ದಾರೆ ಅನ್ನುವುದೇ ಹೊಳೆಯುವುದಿಲ್ಲ.

ಹಳೆಯ ಪಟ್ಟಿ ಬಿಟ್ಟು ಹೊಸ ಪಟ್ಟಿ ಹಿಡಿದರೆ ಸಮಸ್ಯೆ ತೀರುವುದಿಲ್ಲ. ಆಫೀಸಿನಲ್ಲಿ ನುಡಿಗಟ್ಟಿನ ಅರ್ಥ ಹೇಳಿ ಎಂದು ಯಾರೂ ಕೇಳುವುದಿಲ್ಲ. ಆ ಮಾತು ಮುಗಿದಾಗ ಯಾರು, ಏನನ್ನು, ಯಾವಾಗಿನೊಳಗೆ ಮಾಡಬೇಕು ಎನ್ನುವುದು ಗೊತ್ತಾಗಿರಬೇಕು, ಅಷ್ಟೆ. ಈ ಮೂರನ್ನು ಹಿಡಿಯುವ ಅಭ್ಯಾಸ ಆದವರಿಗೆ ಅರ್ಧ ನುಡಿಗಟ್ಟುಗಳು ತಿಳಿಯದಿದ್ದರೂ ಕೆಲಸ ಕೆಡುವುದಿಲ್ಲ. ಪಟ್ಟಿ ಬಾಯಿಪಾಠ ಮಾಡಿದವರಿಗೆ ಎಲ್ಲ ತಿಳಿದಿದ್ದೂ ಕೆಡುತ್ತದೆ.

ಉದಾಹರಣೆಗೆ ನ್ಯೂಯಾರ್ಕ್‌ನಿಂದ ಬೆಂಗಳೂರಿಗೆ ಹೀಗೊಂದು ಮೇಲ್ ಬಂದಿದೆ ಎಂದುಕೊಳ್ಳೋಣ:

‘ಥ್ಯಾಂಕ್ಸ್ ಫಾರ್ ದ ಬಾಲ್‌ಪಾರ್ಕ್. ಲೆಟ್ಸ್ ಟೇಕ್ ದ ರಿಪೋರ್ಟಿಂಗ್ ಪೀಸ್ ಆಫ್‌ಲೈನ್. ಐ ಡೋಂಟ್ ಹ್ಯಾವ್ ದ ಬ್ಯಾಂಡ್‌ವಿಡ್ತ್ ದಿಸ್ ವೀಕ್, ಸೋ ಪ್ಲೀಸ್ ಲೂಪ್ ಇನ್ ಫೈನಾನ್ಸ್ ಅಂಡ್ ಸರ್ಕಲ್ ಬ್ಯಾಕ್ ಬೈ ಇಒಡಿ ಫ್ರೈಡೇ. ಯು ಮೈಟ್ ವಾಂಟ್ ಟು ರೀವಿಸಿಟ್ ದ ಟೈಮ್‌ಲೈನ್.’

ಐದು ಸಾಲೂ ಇಲ್ಲದ ಈ ಮೇಲ್‌ನಲ್ಲಿ ನಿಮ್ಮ ತಲೆಯ ಮೇಲೆ ನಾಲ್ಕು ಕೆಲಸ ಬಿದ್ದಿವೆ. ಬಾಲ್‌ಪಾರ್ಕ್ ಅಂದರೆ ನೀವು ಕೊಟ್ಟ ಅಂದಾಜು ಲೆಕ್ಕ. ಅಂದಾಜು ಎಂದು ಅವರೂ ಒಪ್ಪಿದ್ದಾರೆ. ಆದರೆ ಇಂಥ ಅಂಕಿ ಮೇಲ್‌ನಿಂದ ಯಾರದೋ ಎಕ್ಸೆಲ್ ಶೀಟಿಗೆ ಹೋದಮೇಲೆ ಅಂದಾಜು ಎಂಬ ಮಾತು ಉದುರಿ ಅಂಕಿ ಮಾತ್ರ ಉಳಿಯುತ್ತದೆ. ಆದ್ದರಿಂದ ಅಂದಾಜನ್ನು ಯಾವಾಗಲೂ ಕೆಳಮಿತಿ, ಮೇಲ್ಮಿತಿ ಎರಡರ ಜೊತೆ ಬರೆದುಕೊಡಿ, ‘40ರಿಂದ 55 ದಿನ, ಟೆಸ್ಟಿಂಗ್ ಸೇರಿಲ್ಲ’ ಎನ್ನುವ ಹಾಗೆ. ಟೇಕ್ ಆಫ್‌ಲೈನ್ ಎನ್ನುವುದಕ್ಕೂ ಇಂಟರ್‌ನೆಟ್ಟಿಗೂ ಸಂಬಂಧವಿಲ್ಲ. ರಿಪೋರ್ಟಿಂಗ್ ವಿಷಯವನ್ನು ಇಷ್ಟೂ ಜನರ ಮುಂದೆ ಎಳೆಯುವುದು ಬೇಡ, ಬೇರೆಯಾಗಿ ಮಾತಾಡೋಣ ಎಂದಷ್ಟೇ. ಬೇರೆಯಾಗಿ ಮಾತಾಡಲು ಸಮಯ ಗೊತ್ತು ಮಾಡುವವರು ಯಾರು ಎಂದು ಅವರು ಹೇಳಿಲ್ಲ. ಹೇಳದಿದ್ದರೆ ಆ ವಿಷಯ ಅಲ್ಲೇ ಸತ್ತುಹೋಗುತ್ತದೆ. ಅದು ನಿಮಗೆ ಬೇಕಾದ ವಿಷಯವಾದರೆ ಅವತ್ತೇ ಒಂದು ಇನ್ವೈಟ್ ಕಳಿಸಿ. ಬ್ಯಾಂಡ್‌ವಿಡ್ತ್ ಇಲ್ಲ ಅಂದರೆ ಈ ವಾರ ನನ್ನಿಂದ ಆಗದು. ಬುಧವಾರ ಮತ್ತೆ ನೆನಪಿಸುವುದು ಬೇಡ. ಲೂಪ್ ಇನ್ ಅಂದರೆ ಫೈನಾನ್ಸಿನವರನ್ನು ಸಿಸಿಯಲ್ಲಿ ಸೇರಿಸಿ. ಸರ್ಕಲ್ ಬ್ಯಾಕ್ ಅಂದರೆ ಉತ್ತರ ತೆಗೆದುಕೊಂಡು ನನ್ನ ಹತ್ತಿರ ಬನ್ನಿ.

ಇನ್ನು ಇಒಡಿ ಫ್ರೈಡೇ. ಎಂಡ್ ಆಫ್ ಡೇ ಯಾರ ದಿನದ ಕೊನೆ? ಸಾಮಾನ್ಯವಾಗಿ ಬರೆದವರ ದಿನದ್ದು. ನ್ಯೂಯಾರ್ಕಿನ ಶುಕ್ರವಾರ ಸಂಜೆ 5 ಗಂಟೆ ಅಂದರೆ ಬೇಸಿಗೆಯಲ್ಲಿ ಬೆಂಗಳೂರಿನ ಶನಿವಾರ ಬೆಳಗಿನ ಜಾವ 2.30, ಚಳಿಗಾಲದಲ್ಲಿ 3.30. ಅವರ ಗಡಿಯಾರ ಮಾರ್ಚ್ ತಿಂಗಳ ಎರಡನೇ ಭಾನುವಾರ ಒಂದು ಗಂಟೆ ಮುಂದೆ ಹೋಗಿ ನವೆಂಬರಿನ ಮೊದಲ ಭಾನುವಾರ ಹಿಂದೆ ಬರುತ್ತದೆ. ನಮ್ಮದು ಅಲುಗುವುದಿಲ್ಲ. ಕ್ಯಾಲಿಫೋರ್ನಿಯಾದ ಇಒಡಿ ಆದರೆ ನಮಗೆ ಶನಿವಾರ ಬೆಳಿಗ್ಗೆ 5.30 ಅಥವಾ 6.30. ನೀವು ಶುಕ್ರವಾರ ರಾತ್ರಿ ಊಟಕ್ಕೆ ಮುಂಚೆ ಕಳಿಸಿದರೆ ಅವರ ಬೆಳಗಿನ ಕಾಫಿಯ ಹೊತ್ತಿಗೆ ಸಿಕ್ಕಿರುತ್ತದೆ. ಶನಿವಾರ ಬೆಳಿಗ್ಗೆ ಎದ್ದು ಕಳಿಸಿದರೆ ಅವರು ಸೋಮವಾರ ನೋಡುತ್ತಾರೆ.

ಕೊನೆಯ ಸಾಲು ಎಲ್ಲಕ್ಕಿಂತ ಭಾರವಾದದ್ದು. ‘ಯು ಮೈಟ್ ವಾಂಟ್ ಟು ರೀವಿಸಿಟ್ ದ ಟೈಮ್‌ಲೈನ್’ ಎನ್ನುವುದನ್ನು ಕನ್ನಡದ ಕಿವಿ ‘ಬೇಕಿದ್ದರೆ ಇನ್ನೊಮ್ಮೆ ನೋಡಿ’ ಎಂದು ಕೇಳಿಸಿಕೊಳ್ಳುತ್ತದೆ. ಬರೆದವರು ಹೇಳಿರುವುದು, ಈ ವೇಳಾಪಟ್ಟಿ ನನಗೆ ಒಪ್ಪಿಗೆಯಿಲ್ಲ, ಬದಲಾಯಿಸಿ ಎಂದು. ಈ ಒಂದು ಸಾಲನ್ನು ತಪ್ಪಾಗಿ ಓದಿದರೆ ಮಿಕ್ಕ ಮೂರು ಕೆಲಸ ಸರಿಯಾಗಿ ಮಾಡಿಯೂ ಮುಂದಿನ ಕಾಲ್‌ನಲ್ಲಿ ಮುಖ ಸಪ್ಪೆ ಮಾಡಿಕೊಂಡು ಕೂರಬೇಕಾಗುತ್ತದೆ.

ಈ ಮೇಲ್‌ನಲ್ಲಿರುವ ಮಾತುಗಳು ಒಂದೇ ಜಾತಿಯವಲ್ಲ ಎನ್ನುವುದನ್ನು ಗಮನಿಸಿ. ಬಾಲ್‌ಪಾರ್ಕ್ ಒಂದು ಚಿತ್ರ. ಅದರ ಹಿಂದೆ ಒಂದು ಆಟವಿದೆ. ಲೂಪ್ ಇನ್, ಸರ್ಕಲ್ ಬ್ಯಾಕ್ ಕ್ರಿಯಾಪದಕ್ಕೆ ಬಾಲ ಅಂಟಿಸಿದ ಕಟ್ಟುಗಳು. ‘ಯು ಮೈಟ್ ವಾಂಟ್ ಟು’ ಎನ್ನುವುದು ಖಾರವಾದ ಮಾತಿಗೆ ಹೊದಿಸಿದ ಮೆತ್ತನೆಯ ಬಟ್ಟೆ. ಒಂದೊಂದನ್ನು ಹಿಡಿಯುವ ದಾರಿಯೂ ಬೇರೆ. ಎಲ್ಲವನ್ನೂ ಜಾರ್ಗನ್ ಎಂಬ ಒಂದೇ ಚೀಲಕ್ಕೆ ತುಂಬುವುದರಿಂದಲೇ ಕಲಿಕೆ ಮುಂದೆ ಸಾಗುವುದಿಲ್ಲ ಎಂದು ನನ್ನ ಅನಿಸಿಕೆ.

ಬಾಲ ಅಂಟಿದ ಕ್ರಿಯಾಪದಗಳು

ಕನ್ನಡಿಗರಿಗೆ ಹೆಚ್ಚು ಏಟು ಬೀಳುವುದು ಇಲ್ಲಿ, ಚಿತ್ರದ ನುಡಿಗಟ್ಟುಗಳಲ್ಲಲ್ಲ. ‘ವಿ ಮೇ ಹ್ಯಾವ್ ಟು ಪುಷ್ ಬ್ಯಾಕ್ ದ ಡೇಟ್’ ಅಂದರೆ ತಾರೀಕು ಮುಂದೂಡಬೇಕಾಗಬಹುದು. ‘ವಿ ಮೇ ಹ್ಯಾವ್ ಟು ಪುಷ್ ಬ್ಯಾಕ್ ಆನ್ ದ ಡೇಟ್’ ಅಂದರೆ ಆ ತಾರೀಕಿಗೆ ನಾವು ಆಕ್ಷೇಪ ಎತ್ತಬೇಕಾಗಬಹುದು. ಎರಡರ ನಡುವೆ ಇರುವುದು ಒಂದು ‘ಆನ್’. ಇಂಗ್ಲಿಷ್ ಆಡುವವರು ‘ಬ್ಯಾಕ್’ ಎನ್ನುವುದನ್ನು ಒತ್ತಿ ಹೇಳುತ್ತಾರೆ, ‘ಆನ್’ ಎನ್ನುವುದನ್ನು ನುಂಗುತ್ತಾರೆ. ಫೋನಿನಲ್ಲಿ ಅದು ಕೇಳಿಸುವುದೇ ಇಲ್ಲ ಎಂದರೂ ನಡೆದೀತು. ಹಾಗಾಗಿ ಇಂಥ ಜೋಡಿಗಳನ್ನು ಅರ್ಥದ ಜೊತೆ ಕಲಿತರೆ ಸಾಲದು, ಮುಂದೆ ಬರುವ ಪದದ ಜೊತೆ ಇಡೀ ತುಂಡಾಗಿ ಕಲಿಯಬೇಕು. ಸೈನ್ ಆಫ್ ಅಂದರೆ ಪತ್ರ ಮುಗಿಸುವುದು, ಹೊರಡುವುದು. ಸೈನ್ ಆಫ್ ಆನ್ ಅಂದರೆ ಒಪ್ಪಿಗೆ ಕೊಡುವುದು. ವಾಕ್ ಥ್ರೂ ಅಂದರೆ ಹಂತಹಂತವಾಗಿ ವಿವರಿಸುವುದು. ವಾಕ್ ಬ್ಯಾಕ್ ಅಂದರೆ ಆಡಿದ ಮಾತನ್ನು ಹಿಂತೆಗೆದುಕೊಳ್ಳುವುದು. ಫಾಲೋ ಅಪ್ ಅಂದರೆ ಬೆನ್ನು ಹತ್ತಿ ವಿಚಾರಿಸುವುದು. ಫಾಲೋ ಥ್ರೂ ಅಂದರೆ ಹಿಡಿದ ಕೆಲಸ ಮುಗಿಸಿಯೇ ಬಿಡುವುದು.

ಸಮಯಕ್ಕೆ ಸಂಬಂಧಪಟ್ಟ ಕಟ್ಟುಗಳಲ್ಲಿ ಇನ್ನೊಂದು ತೊಡಕಿದೆ. ಕನ್ನಡದಲ್ಲಿ ಮುಂದೂಡುವುದು, ಮುಂದಕ್ಕೆ ಹಾಕುವುದು ಎರಡೂ ತಡವಾಗಿಸುವುದೇ. ಇಂಗ್ಲಿಷಿನಲ್ಲಿ ಬ್ರಿಂಗ್ ಫಾರ್ವರ್ಡ್, ಮೂವ್ ಅಪ್ ಅಂದರೆ ಗೊತ್ತಾದ ದಿನಕ್ಕಿಂತ ಮೊದಲೇ ಮಾಡುವುದು. ಪುಷ್ ಬ್ಯಾಕ್ ಅಂದರೆ ತಡವಾಗಿಸುವುದು. ಅಂದರೆ ನಮ್ಮ ‘ಮುಂದೆ’ ಅವರ ‘ಬ್ಯಾಕ್’ ಕಡೆಗೆ ಹೋಗುತ್ತದೆ. ಮಂಗಳವಾರದ ಡೆಮೊ ಬ್ರಿಂಗ್ ಫಾರ್ವರ್ಡ್ ಆಗಿದೆ ಎಂದು ಕೇಳಿ, ಸದ್ಯ ಸಮಯ ಸಿಕ್ಕಿತು ಎಂದು ನೆಮ್ಮದಿಯಾಗಿ ಕೂತರೆ ಸೋಮವಾರ ಬೆಳಿಗ್ಗೆ ಫೋನ್ ಬರುತ್ತದೆ. ಬರೀ ‘ಮೂವ್ಡ್ ಫಾರ್ವರ್ಡ್’ ಎಂದರಂತೂ ಇಂಗ್ಲಿಷ್ ಮಾತೃಭಾಷೆಯವರಿಗೇ ಗೊಂದಲ. ಬುಧವಾರದ ಮೀಟಿಂಗ್ ಎರಡು ದಿನ ಮೂವ್ಡ್ ಫಾರ್ವರ್ಡ್ ಆಗಿದೆ, ಈಗ ಯಾವ ದಿನ ಎಂದು ಮನಶ್ಶಾಸ್ತ್ರಜ್ಞೆ ಲೆರಾ ಬೊರೊಡಿಟ್ಸ್ಕಿ ಮತ್ತು ಇತರರು ಪ್ರಯೋಗಗಳಲ್ಲಿ ಕೇಳಿದಾಗ ಹೆಚ್ಚುಕಡಿಮೆ ಅರ್ಧ ಜನ ಸೋಮವಾರ ಎಂದರು, ಅರ್ಧ ಜನ ಶುಕ್ರವಾರ ಎಂದರು. ಮೊದಲೇ ಮಾಡುವುದು ಎಂಬರ್ಥದಲ್ಲಿ ನಮ್ಮಲ್ಲಿ ಬಳಕೆಯಲ್ಲಿರುವ ಪ್ರಿಪೋನ್ ಈ ಜಾಗದಲ್ಲಿ ಎಷ್ಟು ಸ್ಪಷ್ಟವಾದ ಪದ! ಆಕ್ಸ್‌ಫರ್ಡ್ ನಿಘಂಟುಗಳು ಅದನ್ನು ಭಾರತೀಯ ಇಂಗ್ಲಿಷ್ ಎಂದು ಗುರುತಿಸಿ ಒಳಗೆ ಸೇರಿಸಿಕೊಂಡಿವೆ. ಆದರೂ ಹೊರಗಿನವರಿಗೆ ಬರೆಯುವಾಗ ಅದನ್ನೂ ಬಿಟ್ಟು ಹೊಸ ವಾರ, ತಾರೀಕು, ಗಂಟೆ ಬರೆದುಬಿಡುವುದೇ ಮೇಲು.

ಆಟದಿಂದ ಬಂದವು

ಚಿತ್ರದ ನುಡಿಗಟ್ಟುಗಳ ವಿಷಯಕ್ಕೆ ಬಂದರೆ, ಅಕ್ಷರಾನುಕ್ರಮದ ಪಟ್ಟಿಗಿಂತ ಮೂಲದ ಪ್ರಕಾರ ಗುಂಪು ಮಾಡಿ ಕಲಿಯುವುದು ಒಳ್ಳೆಯದು. ಬೆಲ್ಜಿಯಂನ ಭಾಷಾವಿಜ್ಞಾನಿ ಫ್ರಾಂಕ್ ಬೂರ್ಸ್ ಮತ್ತು ಜೊತೆಗಾರರು ವಿದ್ಯಾರ್ಥಿಗಳ ಮೇಲೆ ನಡೆಸಿದ ಅಧ್ಯಯನಗಳಲ್ಲಿ, ನುಡಿಗಟ್ಟು ಯಾವ ಕಸುಬಿನಿಂದ, ಯಾವ ಆಟದಿಂದ ಬಂತು ಎಂದು ತಿಳಿದವರಿಗೆ ಅದು ಹೆಚ್ಚು ನೆನಪಿನಲ್ಲಿ ಉಳಿದದ್ದು ಕಂಡುಬಂತು. ಅಮೆರಿಕದ ಆಫೀಸಿನ ಮಾತು ತುಂಬ ಬೇಸ್‌ಬಾಲ್, ಅಮೆರಿಕನ್ ಫುಟ್‌ಬಾಲ್, ಪೋಕರ್ ಮತ್ತು ಹಡಗು. ಬ್ರಿಟನ್ನಿನದರಲ್ಲಿ ಕ್ರಿಕೆಟ್ ಇದೆ. ಆನ್ ದ ಬ್ಯಾಕ್ ಫುಟ್, ಸ್ಟಿಕಿ ವಿಕೆಟ್, ಇವು ನಮಗೆ ಹೇಳಿಕೊಡಬೇಕಾದವಲ್ಲ. ಬೇಸ್‌ಬಾಲ್ ನೋಡದ ನಾಡಿನವರಿಗೆ ಅದರ ನಾಲ್ಕು ನಿಯಮ ತಿಳಿದರೆ ಇಪ್ಪತ್ತು ನುಡಿಗಟ್ಟು ಒಟ್ಟಿಗೆ ತೆರೆದುಕೊಳ್ಳುತ್ತವೆ. ಬ್ಯಾಟು ಬೀಸುವವನು ನಿಲ್ಲುವ ಜಾಗ ಪ್ಲೇಟು. ಹಾಗಾಗಿ ಸ್ಟೆಪ್ ಅಪ್ ಟು ದ ಪ್ಲೇಟ್ ಅಂದರೆ ಹೊಣೆ ಹೊತ್ತು ಮುಂದೆ ಬರುವುದು. ಓಡುವವನು ಮೂರು ಬೇಸ್‌ಗಳನ್ನು ಮುಟ್ಟಿ ಮತ್ತೆ ಪ್ಲೇಟಿಗೆ ಬರಬೇಕು. ಕವರ್ ಆಲ್ ಬೇಸಸ್ ಅಂದರೆ ಯಾವ ಕಡೆಯನ್ನೂ ಬಿಡದೆ ನೋಡಿಕೊಳ್ಳುವುದು. ಬ್ಯಾಟಿನ ಹತ್ತಿರ ಬಂದು ತಿರುಗುವ ಎಸೆತ ಕರ್ವ್‌ಬಾಲ್. ನಾವು ಗೂಗ್ಲಿ ಹಾಕಿದ ಎನ್ನುವ ಕಡೆ ಅವರು ಥ್ರೋ ಎ ಕರ್ವ್‌ಬಾಲ್ ಎನ್ನುತ್ತಾರೆ. ಮೂರು ಸಲ ತಪ್ಪಿದರೆ ಔಟ್.

ಕ್ರಿಕೆಟ್ ಗೊತ್ತಿರುವುದೇ ತೊಡಕಾಗುವ ಜಾಗವೂ ಒಂದಿದೆ. ‘ಕ್ಯಾನ್ ಯು ಪಿಂಚ್ ಹಿಟ್ ಫಾರ್ ಮಿ ಟುಮಾರೋ?’ ಎಂದು ಅಮೆರಿಕದ ಮ್ಯಾನೇಜರ್ ಕೇಳುತ್ತಾರೆ. 1996ರ ವಿಶ್ವಕಪ್‌ನಲ್ಲಿ ಜಯಸೂರ್ಯ, ಕಲುವಿತರಣ ಶುರುವಿನಿಂದಲೇ ಬಡಿದದ್ದನ್ನು ನೋಡಿದವರಿಗೆ ಪಿಂಚ್ ಹಿಟ್ಟರ್ ಅಂದರೆ ಹೊಡೆಬಡಿ ಆಟಗಾರ. ಬೇಸ್‌ಬಾಲ್‌ನಲ್ಲಿ ಪಿಂಚ್ ಹಿಟ್ಟರ್ ಅಂದರೆ ಇನ್ನೊಬ್ಬನ ಬದಲಿಗೆ ಬ್ಯಾಟು ಹಿಡಿದು ಬರುವವನು. ಮ್ಯಾನೇಜರ್ ಕೇಳಿದ್ದು, ನಾಳೆಯ ಮೀಟಿಂಗಿಗೆ ನನ್ನ ಬದಲು ನೀವು ಹೋಗುತ್ತೀರಾ ಎಂದು. ರೇನ್ ಚೆಕ್ ಕೂಡ ಬೇಸ್‌ಬಾಲಿನದೇ. 19ನೇ ಶತಮಾನದ ಕೊನೆಗೆ ಅಮೆರಿಕದಲ್ಲಿ ಮಳೆಯಿಂದ ಪಂದ್ಯ ನಿಂತರೆ ಇನ್ನೊಂದು ದಿನ ಬಂದು ನೋಡಲು ಪ್ರೇಕ್ಷಕರಿಗೆ ಚೀಟಿ ಕೊಡುತ್ತಿದ್ದರು. ಈಗ ‘ಐ ವಿಲ್ ಟೇಕ್ ಎ ರೇನ್ ಚೆಕ್’ ಅಂದರೆ ಈ ಸಲ ಬರಲಾರೆ ಎಂಬ ನಯವಾದ ಮಾತು. ಇನ್ನೊಂದು ದಿನ ಗೊತ್ತಾಗಿದೆ ಎಂದು ತಿಳಿದು ಕಾಯಬಾರದು.

ಪಂಟ್ ಇನ್ನೂ ಅಪಾಯದ್ದು. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಇನ್ನು ಮುಂದೆ ಸಾಗಲಾಗದು ಎನಿಸಿದಾಗ ಚೆಂಡನ್ನು ದೂರ ಒದ್ದು ಎದುರಾಳಿಗೆ ಬಿಟ್ಟುಕೊಡುತ್ತಾರೆ. ‘ಲೆಟ್ಸ್ ಪಂಟ್ ಆನ್ ದಿಸ್’ ಅಂದರೆ ಸದ್ಯಕ್ಕೆ ಇದನ್ನು ಬಿಟ್ಟುಬಿಡೋಣ. ಬ್ರಿಟನ್ನಿನಲ್ಲಿ ಪಂಟ್ ಅಂದರೆ ಬಾಜಿ. ‘ಲೆಟ್ಸ್ ಟೇಕ್ ಎ ಪಂಟ್’ ಅಂದರೆ ಆದದ್ದಾಗಲಿ, ಒಂದು ಕೈ ನೋಡೋಣ. ಒಬ್ಬರು ಬಿಡಿ ಎನ್ನುತ್ತಾರೆ, ಇನ್ನೊಬ್ಬರು ಹಿಡಿಯಿರಿ ಎನ್ನುತ್ತಾರೆ. ಟೇಬಲ್ ಎಂಬ ಕ್ರಿಯಾಪದದ ಕಥೆಯೂ ಹೀಗೆಯೇ. ವಿಧಾನಸಭೆಯಲ್ಲಿ ವಿಧೇಯಕ ಟೇಬಲ್ ಆಯಿತು ಅಂದರೆ ಮಂಡನೆಯಾಯಿತು ಎಂದು ನಮ್ಮ ಪತ್ರಿಕೆ ಓದುವವರಿಗೆಲ್ಲ ಗೊತ್ತು. ಅದು ಬ್ರಿಟಿಷ್ ಬಳಕೆ. ಅಮೆರಿಕದವರು ‘ಲೆಟ್ಸ್ ಟೇಬಲ್ ದಿಸ್’ ಅಂದರೆ ಈಗ ಬೇಡ, ಬದಿಗಿಡಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಮತ್ತು ಅಮೆರಿಕನ್ ಸೇನಾಧಿಕಾರಿಗಳು ಈ ಒಂದು ಪದದ ಮೇಲೆ ಬಹಳ ಹೊತ್ತು ಜಗಳವಾಡಿ, ಕೊನೆಗೆ ಇಬ್ಬರೂ ಬಯಸಿದ್ದು ಒಂದೇ ಎಂದು ಅರಿತರು ಎಂದು ಚರ್ಚಿಲ್ ತಮ್ಮ ಯುದ್ಧದ ನೆನಪುಗಳಲ್ಲಿ ಬರೆದಿದ್ದಾರೆ. ಮೂಟ್ ಪಾಯಿಂಟ್ ಬ್ರಿಟನ್ನಿನಲ್ಲಿ ಚರ್ಚೆ ಮಾಡಬೇಕಾದ ಅಂಶ, ಅಮೆರಿಕದಲ್ಲಿ ಚರ್ಚಿಸಿ ಪ್ರಯೋಜನವಿಲ್ಲದ ಅಂಶ. ಕ್ವೈಟ್ ಗುಡ್ ಅಮೆರಿಕದವರ ಬಾಯಲ್ಲಿ ಬಹಳ ಚೆನ್ನಾಗಿದೆ. ಲಂಡನ್ನಿನವರ ಬಾಯಲ್ಲಿ ಬಹಳ ಸಲ ಪರವಾಗಿಲ್ಲ. ಆದ್ದರಿಂದ ಮಾತಿನ ಜೊತೆ ಆಡಿದವರ ಊರನ್ನೂ ಗುರುತು ಹಾಕಿಕೊಳ್ಳಬೇಕು.

ಮೂಲ ಹುಡುಕುವಾಗ ಒಂದು ಎಚ್ಚರಿಕೆ. ಅಂತರ್ಜಾಲದಲ್ಲಿ ಸುತ್ತುವ ಮೂಲದ ಕಥೆಗಳಲ್ಲಿ ಎಷ್ಟೋ ಕಟ್ಟುಕಥೆ. ಹುಲ್ಲಿನ ಮಾಡಿನಿಂದ ಬೆಕ್ಕು ನಾಯಿಗಳು ಜಾರಿ ಬೀಳುತ್ತಿದ್ದವು ಎಂಬುದು ಅಂಥದ್ದೊಂದು. ಆಟದ, ಕಸುಬಿನ ನಿಯಮದಿಂದ ನೇರವಾಗಿ ಅರ್ಥವಾಗುವುದನ್ನು ಇಟ್ಟುಕೊಳ್ಳಿ, ರಾಜ ರಾಣಿಯರ ಕಥೆ ಬಂದರೆ ಬಿಡಿ.

ನಮ್ಮದೇ ನುಡಿಗಟ್ಟುಗಳೂ ಇಲ್ಲಿ ಕೈಹಿಡಿಯುತ್ತವೆ. ಮೂಗು ತೂರಿಸುವುದು, ಕೈ ತೊಳೆದುಕೊಳ್ಳುವುದು, ತಣ್ಣೀರೆರಚುವುದು, ಬೆನ್ನು ತಟ್ಟುವುದು ಇಂಗ್ಲಿಷಿನಲ್ಲೂ ಅದೇ ಚಿತ್ರ, ಅದೇ ಅರ್ಥ. ಆದರೆ ‘ಗಿವ್ ಮಿ ಎ ಹ್ಯಾಂಡ್’ ಅಂದರೆ ಸಹಾಯ ಮಾಡಿ. ನಮ್ಮಲ್ಲಿ ಕೈಕೊಟ್ಟ ಅಂದರೆ ಮೋಸ ಮಾಡಿದ, ನಡುದಾರಿಯಲ್ಲಿ ಬಿಟ್ಟ. ಎರಡರ ನಡುವೆ ಸಾಮ್ಯ ಕಂಡ ಕೂಡಲೇ ನಂಬದೆ ಒಮ್ಮೆ ತಿರುವಿ ನೋಡಬೇಕು.

ಮೆತ್ತನೆಯ ಮಾತು

ಕನ್ನಡದಲ್ಲಿ ಮರ್ಯಾದೆ ಕ್ರಿಯಾಪದದ ಕೊನೆಯಲ್ಲಿದೆ. ‘ಕಳಿಸು’ ಎನ್ನುವುದನ್ನು ‘ಕಳಿಸಿ’ ಎಂದರೆ, ಒಂದು ‘ಸಾರ್’ ಅಥವಾ ‘ಮೇಡಂ’ ಸೇರಿಸಿದರೆ ಆಜ್ಞೆಯೇ ಗೌರವದ ಮಾತಾಗುತ್ತದೆ. ಇಂಗ್ಲಿಷಿನಲ್ಲಿ ಆ ಪ್ರತ್ಯಯವಿಲ್ಲ. ಅವರು ಮರ್ಯಾದೆಯನ್ನು ಪ್ರಶ್ನೆಯಲ್ಲಿ, ಮೈಟ್, ಕುಡ್, ವುಡ್, ಪರ್‌ಹ್ಯಾಪ್ಸ್‌ಗಳಲ್ಲಿ ಇಡುತ್ತಾರೆ. ಹಾಗಾಗಿ ಎರಡು ಕಡೆಯಿಂದಲೂ ತಪ್ಪಾಗುತ್ತದೆ. ನಾವು ಗೌರವದಿಂದಲೇ ‘ಪ್ಲೀಸ್ ಸೆಂಡ್ ದ ಫೈಲ್ ಟುಡೇ’ ಎಂದು ಬರೆದರೆ ಅವರಿಗೆ ಗದರಿಸಿದ ಹಾಗೆ ಕೇಳುತ್ತದೆ. ಅವರು ‘ಕುಡ್ ಯು ಪರ್‌ಹ್ಯಾಪ್ಸ್ ಟೇಕ್ ಎ ಲುಕ್?’ ಎಂದರೆ ನಮಗೆ ಬೇಕಿದ್ದರೆ ಮಾಡಿ ಎಂದ ಹಾಗೆ ಕೇಳುತ್ತದೆ. ಸಾಫ್ಟ್‌ವೇರ್ ಕೋಡ್ ರಿವ್ಯೂಗಳಲ್ಲಿ, ಅಂದರೆ ಒಬ್ಬರು ಬರೆದ ಕೋಡನ್ನು ಇನ್ನೊಬ್ಬರು ನೋಡಿ ಟಿಪ್ಪಣಿ ಹಾಕುವ ಕಡೆ, ಇದು ದಿನವೂ ನಡೆಯುವಂಥದ್ದು. ‘ನಿಟ್’ ಎಂದು ಶುರುವಾದ ಟಿಪ್ಪಣಿ ಸಣ್ಣದು, ಬಿಟ್ಟರೂ ನಡೆಯುತ್ತದೆ. ‘ಐ ವಂಡರ್ ಇಫ್’ ಎಂದು ಶುರುವಾದದ್ದು ಕೇಳಲು ಅದಕ್ಕಿಂತ ಹಗುರ, ಆದರೆ ಬಹಳ ಸಲ ಅದೇ ನಿಜವಾದ ಆಕ್ಷೇಪ. ‘ಐ ಹಿಯರ್ ಯು’ ಅಂದರೆ ಕೇಳಿಸಿಕೊಂಡೆ, ಒಪ್ಪಿದೆ ಎಂದಲ್ಲ. ಬ್ರಿಟಿಷರು ‘ವಿತ್ ರೆಸ್ಪೆಕ್ಟ್’ ಎಂದು ಶುರು ಮಾಡಿದರೆ ಮುಂದೆ ಬರುವುದು ಭಿನ್ನಾಭಿಪ್ರಾಯ ಎಂದೇ ತಿಳಿಯಿರಿ.

ಇದರಲ್ಲಿ ಹೊಟ್ಟೆಪಾಡಿಗೆ ಸಂಬಂಧಪಟ್ಟ ಒಂದು ಗುಂಪಿದೆ. ಅದನ್ನು ಪ್ರತಿಯೊಬ್ಬ ನೌಕರರೂ ತಿಳಿದಿರಬೇಕು ಎಂದು ನಾನು ಒತ್ತಿ ಹೇಳುತ್ತೇನೆ. ರೈಟ್‌ಸೈಸಿಂಗ್, ರೀಸ್ಟ್ರಕ್ಚರಿಂಗ್, ‘ಯುವರ್ ರೋಲ್ ಇಸ್ ಇಂಪ್ಯಾಕ್ಟೆಡ್’, ‘ವಿ ಹ್ಯಾವ್ ಟು ಲೆಟ್ ಯು ಗೋ’, ಎಲ್ಲವೂ ಕೆಲಸ ಹೋಯಿತು ಎನ್ನುವುದರ ಬೇರೆ ಬೇರೆ ರೂಪಗಳು. ಲೆಟ್ ಯು ಗೋ ಅಂದರೆ ಈ ದಿನಕ್ಕೆ ಮನೆಗೆ ಹೋಗಿ ಎಂದಲ್ಲ. ಪರ್ಫಾರ್ಮೆನ್ಸ್ ಇಂಪ್ರೂವ್‌ಮೆಂಟ್ ಪ್ಲಾನ್ ಎಂಬ ಹೆಸರು ತರಬೇತಿಯ ಹಾಗೆ ಕೇಳಿದರೂ ಕೆಲಸ ಅಪಾಯದಲ್ಲಿದೆ ಎಂಬ ಲಿಖಿತ ಸೂಚನೆ ಎಂದೇ ತಿಳಿದು, 30, 60 ಅಥವಾ 90 ದಿನದ ಕೊನೆಗೆ ಯಾವ ಅಳತೆಯಲ್ಲಿ ಪಾಸು ಎನ್ನುತ್ತೀರಿ ಎಂದು ಬರಹದಲ್ಲಿ ಕೇಳಿ ಪಡೆಯಬೇಕು. ಅಮೆರಿಕದಲ್ಲಿ ಎಚ್-1ಬಿ ವೀಸಾದ ಮೇಲಿರುವ ನಮ್ಮವರಿಗೆ ಇಲ್ಲಿ ಒಂದೊಂದು ಪದಕ್ಕೂ ಬೆಲೆಯಿದೆ. ಕೆಲಸ ಹೋದಮೇಲೆ ಅಲ್ಲಿ ಉಳಿದು ಇನ್ನೊಂದು ದಾರಿ ನೋಡಿಕೊಳ್ಳಲು ಸಿಗುವುದು ಹೆಚ್ಚೆಂದರೆ 60 ದಿನ. ಪರವಾನಗಿಯ ಅವಧಿ ಅದಕ್ಕಿಂತ ಮೊದಲೇ ಮುಗಿದರೆ ಅಲ್ಲಿಯವರೆಗೆ ಮಾತ್ರ. ಪತ್ರದಲ್ಲಿ ನೋಟಿಫಿಕೇಶನ್ ಡೇಟ್, ಎಫೆಕ್ಟಿವ್ ಡೇಟ್ ಎಂದು ಎರಡು ತಾರೀಕು ಇರುವುದುಂಟು. ಮೊದಲನೆಯದು ಸುದ್ದಿ ಹೇಳಿದ ದಿನ, ಎರಡನೆಯದು ನೌಕರಿ ಮುಗಿಯುವ ದಿನ. 60 ದಿನದ ಎಣಿಕೆ ಸಾಮಾನ್ಯವಾಗಿ ಸಂಬಳ ನಡೆಯುವ ಕೊನೆಯ ದಿನದ ಮೇಲೆ ನಿಂತಿರುತ್ತದೆ; ಕೆಲಸ ಬಿಡಿಸುವಾಗ ಕೊಡುವ ಸೆವೆರೆನ್ಸ್ ಹಣ ಬಂದರೂ ಅದು ಆ ದಿನವನ್ನು ಮುಂದಕ್ಕೆ ತಳ್ಳುತ್ತದೆ ಎಂದು ಎಣಿಸಬಾರದು. ಕೊನೆಯ ದಿನ ಯಾವುದು, ಸಂಬಳ ಯಾವತ್ತಿನವರೆಗೆ, ವಿಮೆ ಯಾವತ್ತಿನವರೆಗೆ ಎಂಬ ಮೂರು ಪ್ರಶ್ನೆಗೆ ತಾರೀಕಿನ ಉತ್ತರ ಸಿಗುವವರೆಗೆ ಮೆತ್ತನೆಯ ಮಾತುಗಳಿಗೆ ತಲೆದೂಗಬೇಡಿ, ವಕೀಲರಿಗೆ ತೋರಿಸದೆ ಸಹಿಯನ್ನೂ ಹಾಕಬೇಡಿ.

ಕಲಿಯುವ ಕೆಲಸ

ಮೀಟಿಂಗಿನ ನಡುವೆ ಗೊತ್ತಿಲ್ಲದ ಮಾತು ಬಂದರೆ ‘ವಾಟ್ ಡಸ್ ಇಟ್ ಮೀನ್’ ಎಂದು ಕೇಳುವುದರಲ್ಲಿ ತಪ್ಪೇನಿಲ್ಲ. ಆದರೆ ಅದಕ್ಕಿಂತ ಚೆನ್ನಾಗಿ ಕೆಲಸ ಮಾಡುವುದು, ನಿಮಗೆ ತಿಳಿದ ಹಾಗೆ ಕೆಲಸವನ್ನು ತಿರುಗಿ ಹೇಳುವುದು: ‘ಸೋ ಐ ಸೆಂಡ್ ದ ನ್ಯೂ ಎಸ್ಟಿಮೇಟ್ ಬೈ ಥರ್ಸ್‌ಡೇ, ಅಂಡ್ ಯು ಟಾಕ್ ಟು ಫೈನಾನ್ಸ್, ರೈಟ್?’ ತಪ್ಪಿದ್ದರೆ ಅವರೇ ತಿದ್ದುತ್ತಾರೆ, ಅದೂ ಬಹಳ ಸಲ ಸರಳ ಪದಗಳಲ್ಲಿ. ನುಡಿಗಟ್ಟಿನ ಅರ್ಥ ಕೇಳಿದರೆ ಅರ್ಥ ಸಿಗುತ್ತದೆ, ಕೆಲಸ ಯಾರದು ಎಂಬುದು ಹಾಗೇ ಉಳಿಯುತ್ತದೆ. ಕಾಲ್ ಮುಗಿದ ಅರ್ಧ ಗಂಟೆಯೊಳಗೆ ಅದನ್ನೇ ಮೂರು ಸಾಲಿನ ಮೇಲ್ ಮಾಡಿ ಕಳಿಸಿ. ಮಾತನ್ನು ಆಗಲೇ ಅಕ್ಷರದಲ್ಲಿ ತೋರಿಸುವ ಲೈವ್ ಕ್ಯಾಪ್ಶನ್ ಹಾಕಿಕೊಳ್ಳುವುದು ಒಳ್ಳೆಯದೇ, ಆದರೆ ನುಂಗಿದ ‘ಆನ್’ಗಳನ್ನು ಅದೂ ತಪ್ಪಿಸುತ್ತದೆ.

ಪುಸ್ತಕದಲ್ಲಿ ಬರೆದಿಡುವಾಗ ಪದ ಮತ್ತು ಅರ್ಥ ಎಂದು ಎರಡು ಸಾಲು ಹಾಕಬೇಡಿ. ಕೇಳಿದ ಇಡೀ ವಾಕ್ಯ ಒಂದು ಕಡೆ, ಆಡಿದವರು ಮತ್ತು ಅವರ ದೇಶ ಒಂದು ಕಡೆ, ಆಮೇಲೆ ನಿಜವಾಗಿ ಏನಾಯಿತು ಎಂಬುದು ಮೂರನೆಯ ಕಡೆ. ಈ ಮೂರನೆಯದು ಯಾವ ನಿಘಂಟಿನಲ್ಲೂ ಸಿಗುವುದಿಲ್ಲ. ‘ಲೆಟ್ ಮಿ ಥಿಂಕ್ ಅಬೌಟ್ ಇಟ್’ ಎಂದ ಒಬ್ಬರು ಎರಡು ದಿನದಲ್ಲಿ ಒಪ್ಪಿಗೆ ಕೊಡುತ್ತಾರೆ, ಇನ್ನೊಬ್ಬರು ಅದನ್ನೇ ‘ಆಗುವುದಿಲ್ಲ’ ಎನ್ನುವ ಬದಲು ಹೇಳುತ್ತಾರೆ. ಅದು ನಿಮ್ಮ ಪುಸ್ತಕದಲ್ಲಷ್ಟೇ ತಿಳಿಯುತ್ತದೆ.

ನಿಘಂಟುಗಳಲ್ಲಿ ಇಂಗ್ಲಿಷ್ ಮಾತೃಭಾಷೆಯವರಿಗಾಗಿ ಮಾಡಿದವನ್ನು ಬಿಟ್ಟು ಕಲಿಯುವವರಿಗೆ ಮಾಡಿದವನ್ನು ಹಿಡಿಯಿರಿ. ಲಾಂಗ್‌ಮನ್, ಕೇಂಬ್ರಿಜ್, ಆಕ್ಸ್‌ಫರ್ಡ್ ಲರ್ನರ್ಸ್ ಮೂರೂ ಅಂತರ್ಜಾಲದಲ್ಲಿ ಉಚಿತ. 1987ರಲ್ಲಿ ಬರ್ಮಿಂಗ್‌ಹ್ಯಾಮಿನ ಜಾನ್ ಸಿಂಕ್ಲೇರ್ ತಂಡದಿಂದ ಬಂದ ಕೋಬಿಲ್ಡ್ ನಿಘಂಟು ಅರ್ಥವನ್ನು ಪೂರ್ತಿ ವಾಕ್ಯದಲ್ಲೇ ಕೊಡುತ್ತದೆ, ಆದ್ದರಿಂದ ಯಾರು ಯಾರಿಗೆ ಏನು ಮಾಡುತ್ತಾರೆ ಎಂಬುದು ಅರ್ಥದೊಳಗೇ ಇರುತ್ತದೆ. ಅರ್ಥಕ್ಕಿಂತ ಮೊದಲು ಪಕ್ಕದ ಸಣ್ಣ ಗುರುತು ನೋಡಿ. ಓಲ್ಡ್ ಫ್ಯಾಶನ್ಡ್ ಎಂದಿದ್ದರೆ ತಿಳಿದುಕೊಂಡು ಬಿಡಿ, ಬಳಸಬೇಡಿ. ಡಿಸ್‌ಅಪ್ರೂವಿಂಗ್ ಎಂದಿದ್ದರೆ ಅದು ಬೈಗುಳಕ್ಕೆ ಹತ್ತಿರ. ಬಳಕೆಯಲ್ಲಿ ಇದೆಯೋ ಇಲ್ಲವೋ ಎಂಬ ಅನುಮಾನಕ್ಕೆ ಕೋಕಾ ಎಂಬ ಅಮೆರಿಕನ್ ಇಂಗ್ಲಿಷ್ ಪಠ್ಯಸಂಗ್ರಹವಿದೆ. 1990ರಿಂದ 2019ರವರೆಗಿನ ನೂರು ಕೋಟಿಗೂ ಹೆಚ್ಚು ಪದಗಳು. ಹೆಸರು ನೋಂದಾಯಿಸಿ ಉಚಿತವಾಗಿ ಹುಡುಕಬಹುದು, ಮಾತಿನಲ್ಲಿ ಎಷ್ಟು, ಪತ್ರಿಕೆಯಲ್ಲಿ ಎಷ್ಟು ಎಂದು ಬೇರೆಬೇರೆಯಾಗಿ ತೋರಿಸುತ್ತದೆ.

ಕೇಳುವ ಅಭ್ಯಾಸಕ್ಕೆ ನನಗೆ ಬಹಳ ಇಷ್ಟವಾದ ಸಾಮಗ್ರಿ ಕಂಪನಿಗಳ ತ್ರೈಮಾಸಿಕ ಫಲಿತಾಂಶದ ಕಾಲ್‌ಗಳು. ಇನ್ಫೋಸಿಸ್‌ನಂಥ ಷೇರುಪೇಟೆಯ ಕಂಪನಿಗಳು ಇವುಗಳ ಧ್ವನಿಮುದ್ರಣವನ್ನೂ ಲಿಖಿತ ರೂಪವನ್ನೂ ತಮ್ಮ ಜಾಲತಾಣದಲ್ಲಿ ಹಾಕುತ್ತವೆ. ಪ್ರಶ್ನೋತ್ತರದ ಭಾಗವನ್ನು ಮೊದಲು ಬರೀ ಕೇಳಿ, ಆಮೇಲೆ ಓದುತ್ತ ಕೇಳಿ. ಹೆಡ್‌ವಿಂಡ್ಸ್ ಅಂದರೆ ವ್ಯಾಪಾರಕ್ಕೆ ಎದುರುಗಾಳಿ, ಸಾಫ್ಟ್‌ನೆಸ್ ಅಂದರೆ ಬೇಡಿಕೆ ಇಳಿದಿದೆ, ರ‍್ಯಾಂಪ್ ಡೌನ್ ಅಂದರೆ ಕ್ಲೈಂಟ್ ಕೆಲಸ ಕಡಿಮೆ ಮಾಡುತ್ತಿದ್ದಾನೆ, ಗೈಡೆನ್ಸ್ ಅಂದರೆ ಮುಂದಿನ ಆದಾಯದ ಬಗ್ಗೆ ಕಂಪನಿಯ ಅಂದಾಜು. ಪ್ರಶ್ನೆ ನೇರವಾಗಿರುತ್ತದೆ, ಉತ್ತರ ಬಳಸಿಕೊಂಡು ಬರುತ್ತದೆ. ಬಳಸು ಮಾತನ್ನು ಬಿಡಿಸಲು ಅದಕ್ಕಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ.

ತಿಳಿಯುವುದು ಒಂದು, ಬಳಸುವುದು ಇನ್ನೊಂದು. ಬೇರೆಬೇರೆ ಮೂವರ ಬಾಯಲ್ಲಿ ಕೇಳುವವರೆಗೆ ಒಂದು ನುಡಿಗಟ್ಟನ್ನು ನೀವು ಆಡದಿರುವುದು ಕ್ಷೇಮ. ನುಡಿಗಟ್ಟುಗಳಿಗೆ ಬಿಗಿ ಇರುತ್ತದೆ. ‘ದ ಬೀನ್ಸ್ ವರ್ ಸ್ಪಿಲ್ಡ್’ ಎಂದು ತಿರುಗಿಸಿದರೂ ಗುಟ್ಟು ಹೊರಬಿತ್ತು ಎಂಬ ಅರ್ಥ ಉಳಿಯುತ್ತದೆ. ‘ದ ಬಕೆಟ್ ವಾಸ್ ಕಿಕ್ಡ್’ ಎಂದರೆ ಸಾವು ಮಾಯವಾಗಿ ಬಕೆಟ್ಟೇ ಉಳಿಯುತ್ತದೆ. ಸುಲಭವಾಗಿ ಆಗುವ ಕೆಲಸ ಎಂಬರ್ಥದ ಲೋ ಹ್ಯಾಂಗಿಂಗ್ ಫ್ರೂಟ್ ಎನ್ನುವುದನ್ನು ಫ್ರೂಟ್ಸ್ ಎಂದು ಬಹುವಚನ ಮಾಡಿದರೂ ಕಿವಿಗೆ ಚುಚ್ಚುತ್ತದೆ.

ಅದಕ್ಕಿಂತ ಮುಖ್ಯವಾಗಿ ನಾವೇ ಬರೆಯುವ ಇಂಗ್ಲಿಷಿನಲ್ಲಿ ಹೊರಗಿನವರು ಎಡವುವ ಕಲ್ಲುಗಳನ್ನು ತೆಗೆಯಬೇಕು. ‘ಐ ಹ್ಯಾವ್ ಎ ಡೌಟ್’ ಎಂದರೆ ನಮ್ಮಲ್ಲಿ ಒಂದು ಪ್ರಶ್ನೆಯಿದೆ ಎಂದರ್ಥ, ಅಮೆರಿಕದವರಿಗೆ ನಿಮ್ಮ ಮಾತಿನಲ್ಲಿ ನಂಬಿಕೆಯಿಲ್ಲ ಎಂದ ಹಾಗೆ. ‘ಪ್ಲೀಸ್ ರಿವರ್ಟ್’ ಎಂದರೆ ನಮ್ಮಲ್ಲಿ ಉತ್ತರಿಸಿ. ಹೊರಗೆ ರಿವರ್ಟ್ ಅಂದರೆ ಹಿಂದಿನ ಸ್ಥಿತಿಗೆ ಮರಳಿಸು, ಕೋಡಿನ ದಾಖಲೆ ಇಡುವ ಗಿಟ್‌ನಲ್ಲಿ ಅದು ಮಾಡಿದ ಬದಲಾವಣೆಯನ್ನು ರದ್ದು ಮಾಡುವ ಆಜ್ಞೆಯೇ. ಕೋಡ್ ಬದಲಾವಣೆಯ ಕುರಿತ ಮೇಲ್‌ನಲ್ಲಿ ಅದನ್ನು ಬರೆದರೆ ಎದುರಿನವರು ನಿಮ್ಮ ವಾರದ ಕೆಲಸವನ್ನು ತೆಗೆದುಹಾಕಿದರೆ ತಪ್ಪು ಅವರದಲ್ಲ. ರಿಪ್ಲೈ ಎಂದು ಬರೆಯಿರಿ.

ಸರಳವಾಗಿ ಬರೆದರೆ ಚಿಕ್ಕವರಾಗುತ್ತೇವೆ ಎಂಬ ಅಳುಕು ಬಹಳ ಜನರಲ್ಲಿದೆ. ಅದಕ್ಕೆ ಆಧಾರವಿಲ್ಲ. ಬ್ರಿಟಿಷ್ ಸರಕಾರದ ಜಾಲತಾಣದ ಬರವಣಿಗೆ ನಿಯಮ ಲೆವರೇಜ್, ಗೋಯಿಂಗ್ ಫಾರ್ವರ್ಡ್‌ನಂಥ ಪದಗಳನ್ನು ಬಿಡಿ ಎನ್ನುತ್ತದೆ. ಅಮೆರಿಕದಲ್ಲಿ ಸರಕಾರಿ ಕಚೇರಿಗಳು ಸರಳವಾಗಿ ಬರೆಯಬೇಕೆಂದು 2010ರಲ್ಲಿ ಕಾಯ್ದೆಯೇ ಬಂತು. ವಿಮಾನ ದುರಸ್ತಿಯ ಕೈಪಿಡಿಗಳನ್ನು ಬರೆಯುವ ಸಿಂಪ್ಲಿಫೈಡ್ ಟೆಕ್ನಿಕಲ್ ಇಂಗ್ಲಿಷ್‌ನಲ್ಲಿ ಒಪ್ಪಿತ ಸಾಮಾನ್ಯ ಪದಗಳು ಸುಮಾರು 900. ಒಂದು ಪದಕ್ಕೆ ಒಂದೇ ಅರ್ಥ, ಮಾಡಬೇಕಾದ ಕೆಲಸ ಹೇಳುವ ವಾಕ್ಯದಲ್ಲಿ 20 ಪದ ಮೀರುವಂತಿಲ್ಲ. ಕ್ಲೋಸ್ ಅಂದರೆ ಮುಚ್ಚು ಮಾತ್ರ, ಹತ್ತಿರ ಎನ್ನಲು ನಿಯರ್ ಎಂದೇ ಬರೆಯಬೇಕು. ಜೀವ ಉಳಿಯಬೇಕಾದ ಕಡೆ ಭಾಷೆಯನ್ನು ಹೀಗೆ ಕಟ್ಟಿಕೊಂಡಿದ್ದಾರೆ. ನಿಮ್ಮ ಮೇಲ್ ಓದುವವರಲ್ಲಿ ಜರ್ಮನಿಯವರು, ಜಪಾನಿನವರು, ಬ್ರೆಜಿಲಿನವರೂ ಇರುತ್ತಾರೆ, ಅವರಿಗೂ ಇಂಗ್ಲಿಷ್ ಕಲಿತ ಭಾಷೆಯೇ. ಸರ್ಕಲ್ ಬ್ಯಾಕ್ ಬದಲು ‘ಐ ವಿಲ್ ರಿಪ್ಲೈ ಆನ್ ಮಂಡೇ’ ಎನ್ನಿ, ಬ್ಯಾಂಡ್‌ವಿಡ್ತ್ ಬದಲು ‘ಐ ಕ್ಯಾನ್ ಸ್ಟಾರ್ಟ್ ಆನ್ 12 ಮೇ’ ಎನ್ನಿ. ತಾರೀಕಿನಲ್ಲಿ ತಿಂಗಳನ್ನು ಅಕ್ಷರದಲ್ಲೇ ಬರೆಯಿರಿ. 03/04 ಎನ್ನುವುದು ಬೆಂಗಳೂರಿನಲ್ಲಿ ಏಪ್ರಿಲ್ 3, ನ್ಯೂಯಾರ್ಕಿನಲ್ಲಿ ಮಾರ್ಚ್ 4.